ಕಂಪ್ಯೂಟರ್ ಬದಲಾದರೆ ಹಾಡು ಕಳೆದುಹೋಗುವುದೇ?

ನನಗೆ 54 ವರ್ಷ. ಧಾರವಾಡದಲ್ಲಿ ಮನೆಯಲ್ಲೇ ಮಕ್ಕಳಿಗೆ ವಚನ, ದಾಸರ ಪದ, ಭಾವಗೀತೆ ಕಲಿಸುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ಪಾಠ ನಿಂತಾಗ ಮಗ ಒಂದು ಲ್ಯಾಪ್‌ಟಾಪ್, ಮೈಕು, ಮೈಕು ಜೋಡಿಸಲು ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಅನ್ನುವ ಕೆಂಪು ಪೆಟ್ಟಿಗೆ ತಂದುಕೊಟ್ಟ. ರೆಕಾರ್ಡಿಂಗ್ ತಂತ್ರಾಂಶವನ್ನೂ ಹಾಕಿಕೊಟ್ಟ. ಅದು ದುಡ್ಡು ಕೊಟ್ಟು ತಂದದ್ದಲ್ಲ, ಕ್ರ್ಯಾಕ್ ಮಾಡಿದ್ದು ಎಂದು ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ. ಅಷ್ಟರಲ್ಲಿ ಕೈ ಕೂತಿತ್ತು. ಈಗ 140 ಹಾಡುಗಳಿವೆ.

ಹೋದ ಅಕ್ಟೋಬರಿನಿಂದ ವಿಂಡೋಸ್ 10ಕ್ಕೆ ಬೆಂಬಲ ಇಲ್ಲ ಎಂಬ ಎಚ್ಚರಿಕೆ ಬರುತ್ತಿದೆ. ಈ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಲು ಬರುವುದಿಲ್ಲವಂತೆ. ಮಗ ಹೈದರಾಬಾದಿನಿಂದ, ‘ಅದನ್ನ ಬಿಟ್ಟು ಹೊಸಾದ್ ತೊಗೊ ಅವ್ವಾ’ ಅನ್ನುತ್ತಾನೆ. ಅಷ್ಟು ಹಣ ನನ್ನಲ್ಲಿಲ್ಲ, ಅವನನ್ನು ಕೇಳಲು ಮನಸ್ಸಿಲ್ಲ. ಅಕ್ಕನ ಮಗ, ‘ಮೌಶಿ, ಲಿನಕ್ಸ್ ಹಾಕೋಣು, ಎಲ್ಲಾ ಫ್ರೀ’ ಎಂದು ಪೆನ್‌ಡ್ರೈವ್‌ನಿಂದ ಒಮ್ಮೆ ನಡೆಸಿ ತೋರಿಸಿದ. ಹೆಡ್‌ಫೋನ್ ಹಾಕಿ ಹಾಡಿದೆ. ನನ್ನ ದನಿ ನನಗೇ ತಡವಾಗಿ ಕೇಳಿಸಿತು. ಎರಡನೇ ಸಾಲಿಗೆ ತಾಳ ತಪ್ಪಿತು. ಪಾಠಕ್ಕೆ ಬಂದ ಮಕ್ಕಳೆದುರು ಹೀಗಾಯಿತು. ಯಜಮಾನರು, ‘ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ ಬೇಕು’ ಅಂದರು. ಅಂದಿನಿಂದ ಮೈಕಿನ ಮುಂದೆ ಕೂತಿಲ್ಲ. ರಾತ್ರಿ ನಿದ್ದೆ ಸರಿಯಾಗಿ ಬರುತ್ತಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಹೀಗಾಗುವುದು ಸರಿಯೇ? 2021ರಲ್ಲಿ ನಮ್ಮವ್ವ ಹಾಡಿದ ಬೀಸುವ ಪದಗಳೂ ಅದರಲ್ಲೇ ಇವೆ. ಅವರು ಈಗಿಲ್ಲ.

– ಹೆಸರು ಬೇಡ, ಧಾರವಾಡ

ಪ್ರೀತಿಯ ಸಹೋದರಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಓದಿಗೆ ಇದು ಕಂಪ್ಯೂಟರಿನ ಸಮಸ್ಯೆ ಅನ್ನಿಸಿತು. ಎರಡನೆಯದಕ್ಕೆ ಮನೆಯವರ ಮಾತಿನಿಂದಾದ ನೋವು ಕಂಡಿತು. ಮೂರನೆಯ ಸಲ ಕೊನೆಯ ಎರಡು ವಾಕ್ಯಗಳಲ್ಲಿ ನಿಂತುಬಿಟ್ಟೆ. ಅವ್ವನ ಮಾತನ್ನು ನೀವು ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಚಿಕ್ಕದಾಗಿ ಬರೆದಿದ್ದೀರಿ. ಎಲ್ಲಕ್ಕಿಂತ ದೊಡ್ಡ ವಿಷಯವನ್ನು ನಾವು ಹೇಳುವುದು ಬಹಳ ಸಲ ಹೀಗೇ, ಎದ್ದು ಹೊರಡುವಾಗ, ಬಾಗಿಲ ಬಳಿ ನಿಂತು.

ಆದ್ದರಿಂದ ನಿಮ್ಮ ಪ್ರಶ್ನೆಗೆ ಮೊದಲೇ ಉತ್ತರ ಹೇಳುತ್ತೇನೆ. ಇದು ಸಣ್ಣ ವಿಷಯವಲ್ಲ. ಐದು ವರ್ಷದ ದುಡಿಮೆ, ತೀರಿಹೋದ ತಾಯಿಯ ದನಿ, ಮಕ್ಕಳೆದುರು ಗುರುವಾಗಿ ಉಳಿಸಿಕೊಂಡ ಮರ್ಯಾದೆ, ಈ ಮೂರೂ ಒಂದು ಹಳೆಯ ಲ್ಯಾಪ್‌ಟಾಪಿನೊಳಗೆ ಕೂತಿವೆ. ಅದರ ಪರದೆಯ ಮೇಲೆ ದಿನವೂ ಎಚ್ಚರಿಕೆ ಬರುತ್ತಿದ್ದರೆ ಯಾರಿಗಾದರೂ ನಿದ್ದೆ ಕೆಡುತ್ತದೆ. ನಿಮ್ಮ ಮನಸ್ಸು ದುರ್ಬಲವಾಗಿದೆ ಅಂದುಕೊಳ್ಳಬೇಡಿ. ಕಾಪಾಡಬೇಕಾದದ್ದು ಏನು ಎಂಬುದು ಅದಕ್ಕೆ ಸರಿಯಾಗಿಯೇ ಗೊತ್ತಿದೆ.

ಒಂದು ಆತಂಕವನ್ನು ಈಗಲೇ ಇಳಿಸಿಬಿಡೋಣ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲ ಮುಗಿದದ್ದು ನಿಜ. ಇದರರ್ಥ ಹೊಸ ಸುರಕ್ಷಾ ಅಪ್‌ಡೇಟುಗಳು ಮಾಮೂಲಿನಂತೆ ಬರುವುದಿಲ್ಲ ಎಂದಷ್ಟೆ. ಲ್ಯಾಪ್‌ಟಾಪ್ ನಾಳೆ ಬೆಳಿಗ್ಗೆ ನಿಂತುಹೋಗುವುದಿಲ್ಲ, ನಿಮ್ಮ ಹಾಡುಗಳು ಅಳಿಸಿಹೋಗುವುದಿಲ್ಲ. ಅಪಾಯ ಬರುವುದು ಹೆಚ್ಚಾಗಿ ಇಂಟರ್‌ನೆಟ್ ಮೂಲಕ. ಇವತ್ತೇ ವೈಫೈ ಆಫ್ ಮಾಡಿ, ಬ್ಯಾಂಕು, ಮೇಲ್ ಎಲ್ಲವನ್ನೂ ಬೇರೆಡೆ ನೋಡಿಕೊಳ್ಳಿ. ನಿಧಾನವಾಗಿ ಯೋಚಿಸಲು ಅಷ್ಟು ಸಮಯ ಸಿಕ್ಕಂತಾಯಿತು.

ಈಗ ಆ ತಾಳ ತಪ್ಪಿದ ಸಂಜೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮನ್ನು ಮೈಕಿನಿಂದ ಎಬ್ಬಿಸಿದ್ದು ಅದು.

ನಮ್ಮ ದನಿ ನಮಗೆ ತಡವಾಗಿ ಕೇಳಿಸಿದರೆ ಏನಾಗುತ್ತದೆ ಎಂಬುದನ್ನು 1950ರ ದಶಕದಿಂದಲೂ ಅಧ್ಯಯನ ಮಾಡಿದ್ದಾರೆ. ಆಡಿದ ಮಾತು ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗಿ ಕಿವಿಗೆ ಬಿದ್ದರೆ, ನಿರರ್ಗಳವಾಗಿ ಭಾಷಣ ಮಾಡುವವರೂ ತೊದಲುತ್ತಾರೆ. ಇಪ್ಪತ್ತರ ಹರೆಯದವರೂ ತೊದಲುತ್ತಾರೆ. ನಾಲಿಗೆ ಮತ್ತು ಕಿವಿ ಜೊತೆಜೊತೆಯಾಗಿ ನಡೆಯುವುದು ನಮ್ಮ ಮಿದುಳಿಗೆ ರೂಢಿಯಾಗಿದೆ. ಹಾಡುವವರ ಕಿವಿ ಇನ್ನೂ ಸೂಕ್ಷ್ಮ, ಅದಕ್ಕಿಂತ ಬಹಳ ಚಿಕ್ಕ ವಿಳಂಬವೂ ಅದಕ್ಕೆ ತಿಳಿಯುತ್ತದೆ. ಅಂದು ನಿಮ್ಮ ತಾಳ ತಪ್ಪಿದ್ದು ವಯಸ್ಸಿನಿಂದಲ್ಲ. ಲಯ ಗಟ್ಟಿಯಾಗಿರುವ ಕಿವಿ ಇದ್ದುದರಿಂದಲೇ ನಿಮಗೆ ಅಷ್ಟು ಹಿಂಸೆಯಾಯಿತು.

ಆ ವಿಳಂಬ ಎಲ್ಲಿಂದ ಬಂತು? ಕಂಪ್ಯೂಟರು ದನಿಯನ್ನು ಹನಿಹನಿಯಾಗಿ ಅಳೆಯುತ್ತದೆ, ಸಾಮಾನ್ಯವಾಗಿ ಸೆಕೆಂಡಿಗೆ 48,000 ಹನಿ. ಆದರೆ ಒಂದೊಂದು ಹನಿಯನ್ನೂ ಆಗಿಂದಾಗ್ಗೆ ಸಾಗಿಸುವುದಿಲ್ಲ. ನಿಮ್ಮೂರಿನ ಟಂಟಂ ಸೀಟು ತುಂಬುವ ತನಕ ಹೊರಡುವುದಿಲ್ಲವಲ್ಲ, ಹಾಗೆ ಒಂದಿಷ್ಟು ಸೇರುವ ತನಕ ಕಾಯುತ್ತದೆ. ಆ ಸೀಟಿನ ಲೆಕ್ಕಕ್ಕೆ ‘ಬಫರ್’ ಅನ್ನುತ್ತಾರೆ. ಬಫರ್ 1024 ಇದ್ದರೆ ಒಂದು ಸಲ ತುಂಬಲು ಸುಮಾರು 21 ಮಿಲಿಸೆಕೆಂಡ್ ಬೇಕು. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಎಂದರೆ ನಲವತ್ತು ದಾಟಿತು. ಹಾಡುವವರಿಗೆ ಅಷ್ಟು ಸಾಕು, ಹೆಜ್ಜೆ ತಪ್ಪುತ್ತದೆ. ಅದನ್ನೇ 128ಕ್ಕೆ ಇಳಿಸಿದರೆ ಪ್ರತಿ ಸಲ ಮೂರು ಮಿಲಿಸೆಕೆಂಡಿಗೂ ಕಡಿಮೆ. ತೀರ ಇಳಿಸಿದರೆ ಹಳೆಯ ಯಂತ್ರಕ್ಕೆ ಅಷ್ಟು ಸಲ ಓಡಾಡಲು ಆಗದೆ ದನಿಯಲ್ಲಿ ಚಟಪಟ ಸದ್ದು ಬರುತ್ತದೆ. ಆಗ ಒಂದು ಮೆಟ್ಟಿಲು ಮೇಲೆ, 256ಕ್ಕೆ ಹೋಗಬೇಕು. ಹಾರ್ಮೋನಿಯಂನಲ್ಲಿ ಮಕ್ಕಳ ಶ್ರುತಿ ಹುಡುಕುವಾಗ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ ಸರಿಯುತ್ತೀರಲ್ಲ, ಅಷ್ಟೇ ಕೆಲಸ.

ಇನ್ನೂ ಸುಲಭದ್ದು ನಿಮ್ಮ ಕೆಂಪು ಪೆಟ್ಟಿಗೆಯ ಮೇಲೇ ಇದೆ. ಅದರಲ್ಲಿ ‘ಡೈರೆಕ್ಟ್ ಮಾನಿಟರ್’ ಎಂಬ ಸ್ವಿಚ್ ಉಂಟು. ಅದನ್ನು ಹಾಕಿದರೆ ನಿಮ್ಮ ದನಿ ಕಂಪ್ಯೂಟರಿಗೆ ಹೋಗಿ ಬರುವ ಮೊದಲೇ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ಆಗ ತಂತ್ರಾಂಶದೊಳಗಿನಿಂದ ಬರುವ ನಿಮ್ಮ ದನಿಯನ್ನು ಮುಚ್ಚಿಬಿಡಬೇಕು, ಇಲ್ಲದಿದ್ದರೆ ಎರಡೆರಡು ಕೇಳುತ್ತದೆ. ನಾನು ಬಾನುಲಿ ಭಾಷಣಗಳನ್ನು ಮನೆಯಲ್ಲೇ ಧ್ವನಿಮುದ್ರಿಸಿ ಕಳಿಸಲು ಶುರುಮಾಡಿದಾಗ ಈ ಸ್ವಿಚ್ಚಿನ ವಿಷಯ ತಿಳಿಯದೆ ಒಂದು ವಾರ ಒದ್ದಾಡಿದ್ದೇನೆ. ಅಷ್ಟು ದಿನವೂ ನನ್ನ ಗಂಟಲನ್ನೇ ಅನುಮಾನಿಸಿದ್ದೆ.

ಈ ವಿಳಂಬ ನಿಮ್ಮೊಬ್ಬರನ್ನೇ ಕಾಡಿದ್ದೂ ಅಲ್ಲ. ಲಿನಕ್ಸ್ ಸಮಯಕ್ಕೆ ಸರಿಯಾಗಿ ಸ್ಪಂದಿಸಬೇಕೆಂದು ಪ್ರಪಂಚದ ಬೇರೆಬೇರೆ ಕಡೆಯ ಜನ ಇಪ್ಪತ್ತು ವರ್ಷದ ಹತ್ತಿರ ಕೆಲಸ ಮಾಡಿದರು. ಆ ಕೆಲಸ ಪೂರ್ತಿಯಾಗಿ ಲಿನಕ್ಸಿನ ಮುಖ್ಯ ಭಾಗಕ್ಕೆ ಸೇರಿದ್ದು 2024ರಲ್ಲಿ. ಅಂಥದ್ದನ್ನು ಒಂದು ಸಂಜೆ, ಮಕ್ಕಳ ಮುಂದೆ, ಯಾವ ತಯಾರಿಯೂ ಇಲ್ಲದೆ ಗೆಲ್ಲಲಿಲ್ಲ ಎಂದು ನೀವು ನಾಚಬೇಕಾಗಿಲ್ಲ.

ಇನ್ನು ಕ್ರ್ಯಾಕ್ ತಂತ್ರಾಂಶದ ಮಾತು. ಇದನ್ನು ಯಾರೂ ಕೇಳದಿದ್ದರೂ ನೀವಾಗಿ ಬರೆದಿರಿ. ಮಕ್ಕಳಿಗೆ ಮೌಲ್ಯದ ಪದಗಳನ್ನು ಕಲಿಸುವವರು ನೀವು, ಆ ಮುಳ್ಳು ಒಳಗೇ ಚುಚ್ಚುತ್ತಿದೆ ಎಂದು ಕಾಣುತ್ತದೆ. ಅದು ತಪ್ಪೇ, ಅಲ್ಲ ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡುವುದಿಲ್ಲ. ಬೇರೆಯವರ ದುಡಿಮೆಯನ್ನು ಅವರ ಒಪ್ಪಿಗೆಯಿಲ್ಲದೆ ಬಳಸಿದಂತಾಯಿತು. ಅಂಥ ಪ್ರತಿಗಳಲ್ಲಿ ಕೆಡುಕು ತಂತ್ರಾಂಶ ಅಡಗಿ ಬರುವ ಅಪಾಯವೂ ಇದೆ. ಆದರೆ ಮಗ ಅದನ್ನು ತಂದದ್ದು ಕದಿಯಬೇಕೆಂದಲ್ಲ, ಪಾಠ ನಿಂತು ಕಂಗಾಲಾದ ಅವ್ವನಿಗೆ ಏನಾದರೂ ಮಾಡಬೇಕೆಂದು. ನಿಮಗೆ ಗೊತ್ತಾದದ್ದು ಆಮೇಲೆ. ಅದರಲ್ಲಿ ಹಾಡಿದ ಹಾಡುಗಳು ನಿಮ್ಮವೇ, ಅವು ಮೈಲಿಗೆಯಾಗಿಲ್ಲ. ಆ ಪ್ರತಿಯನ್ನು ಇನ್ನು ಯಾವ ಶಿಷ್ಯರಿಗೂ ಕೊಡಬೇಡಿ, ಹಾಡುಗಳನ್ನು ಹೊರತೆಗೆದ ಮೇಲೆ ಅದನ್ನು ತೆಗೆದುಹಾಕಿ. ತಪ್ಪು ಅನ್ನಿಸಿದ್ದನ್ನು ನಿಲ್ಲಿಸುವ ದಾರಿ ಸಿಕ್ಕಿದೆ ಎಂದು ಈ ಬದಲಾವಣೆಯನ್ನು ನೋಡಿ. ಆಗ ಲಿನಕ್ಸ್ ಎಂಬುದು ಬಡವರ ಪಾಲಿಗೆ ಉಳಿದದ್ದು ಎಂಬ ಸಂಕೋಚ ಹೋಗುತ್ತದೆ.

ಅದು ಉಳಿದದ್ದಲ್ಲವೇ ಅಲ್ಲ. ‘ಫ್ರೀ’ ಎಂದು ನಿಮ್ಮ ಅಕ್ಕನ ಮಗ ಹೇಳಿದ ಮಾತಿನಲ್ಲಿ ಪುಕ್ಕಟೆ ಅನ್ನುವುದಕ್ಕಿಂತ ದೊಡ್ಡ ಅರ್ಥವಿದೆ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದಾಗ ಅವರು ಕೇಳಿದ್ದು ಸ್ವಾತಂತ್ರ್ಯವನ್ನು: ಬಳಸುವ, ಬಿಚ್ಚಿ ನೋಡುವ, ತಿದ್ದುವ, ಇನ್ನೊಬ್ಬರಿಗೆ ಹಂಚುವ ಸ್ವಾತಂತ್ರ್ಯ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಅದಕ್ಕೆ ಬಂದು ಸೇರಿತು. ಗುರು ಹೇಳಿಕೊಟ್ಟ ಪದವನ್ನು ಶಿಷ್ಯೆ ತನ್ನ ಕಂಠಕ್ಕೆ ಹೊಂದಿಸಿಕೊಂಡು ಮುಂದಿನವರಿಗೆ ಕೊಡುತ್ತಾಳೆ, ನಿಮ್ಮವ್ವನ ಬೀಸುವ ಪದಗಳು ನಿಮ್ಮವರೆಗೆ ಬಂದದ್ದು ಹಾಗೆಯೇ. ಈ ತಂತ್ರಾಂಶಗಳನ್ನು ಕಟ್ಟಿದವರೂ ಹಂಚಿಕೊಂಡೇ ಕಟ್ಟಿದ್ದಾರೆ. ಬಹು ಟ್ರ್ಯಾಕ್ ಧ್ವನಿಮುದ್ರಣಕ್ಕೆ ಪಾಲ್ ಡೇವಿಸ್ ಆರಂಭಿಸಿದ ‘ಆರ್ಡೊರ್’ ಇದೆ. ಉಬುಂಟು ಸ್ಟುಡಿಯೊ ಎಂಬ ಲಿನಕ್ಸ್ ಆವೃತ್ತಿಯಲ್ಲಿ ಅದು ಹಣವಿಲ್ಲದೆ ಸಿಗುತ್ತದೆ. ಆದರೂ ಅದನ್ನು ಬೆಳೆಸುತ್ತಿರುವವರಿಗೆ ಕೈಲಾದಷ್ಟು ಸಣ್ಣ ಮೊತ್ತ ಕೊಡುವ ಅವಕಾಶವಿದೆ. ಒಂದು ತಿಂಗಳ ಪಾಠದ ಹಣದಲ್ಲಿ ಅಷ್ಟಿಷ್ಟು ತೆಗೆದಿಟ್ಟು ಕೊಟ್ಟರೆ ಹಳೆಯ ಮುಳ್ಳಿನ ನೋವು ಸ್ವಲ್ಪ ಇಳಿದೀತು. ಇದು ನನ್ನ ಒತ್ತಾಯವಲ್ಲ, ನಿಮ್ಮ ಮನಸ್ಸನ್ನು ನೋಡಿ ಹೊಳೆದದ್ದು.

ಪರದೇಶದ ಈ ಸಾಮಾನು ನನ್ನ ಕೈಗೆ ಎಂದಾದರೂ ಒಗ್ಗೀತೇ ಎಂಬ ಅಳುಕು ಬಂದಾಗ ನಿಮ್ಮ ಹಾರ್ಮೋನಿಯಂ ಕಡೆ ಒಮ್ಮೆ ನೋಡಿ. ಅದು ಯುರೋಪಿನಿಂದ ಬಂದದ್ದು, ಕಾಲಿನಿಂದ ತುಳಿದು ನುಡಿಸುತ್ತಿದ್ದರು. ಕಲ್ಕತ್ತೆಯ ದ್ವಾರಕಾನಾಥ ಘೋಷ್ ನೆಲದ ಮೇಲೆ ಕೂತು ಕೈಯಿಂದ ತಿದಿ ಒತ್ತುವ ಹಾಗೆ ಅದನ್ನು ಮಾರ್ಪಡಿಸಿದರು. ನಮ್ಮ ಸಂಗೀತಕ್ಕೆ ಒಗ್ಗದ ವಾದ್ಯ ಎಂದು 1940ರಿಂದ ಸುಮಾರು ಮೂವತ್ತು ವರ್ಷ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಇವತ್ತು ಹಾರ್ಮೋನಿಯಂ ಇಲ್ಲದ ವಚನ ಗಾಯನವನ್ನು ಧಾರವಾಡದಲ್ಲಿ ಹುಡುಕಬೇಕು. ಆ ವಾದ್ಯ ನಮ್ಮದಾದದ್ದು ನಿಮ್ಮಂಥವರು ದಿನವೂ ಅದರ ಮೇಲೆ ಕೈಯಿಟ್ಟದ್ದರಿಂದ.

ಹಾಗೆಂದು ಎಲ್ಲರೂ ಲಿನಕ್ಸಿಗೆ ಬನ್ನಿ ಎಂದು ನಾನು ಹೇಳುವುದಿಲ್ಲ. ಸಿನಿಮಾ, ಧಾರಾವಾಹಿಗಳಿಗೆ ಕೆಲಸ ಮಾಡುತ್ತ, ಬೇರೆ ಸ್ಟುಡಿಯೊಗಳ ಜೊತೆ ಒಂದೇ ತಂತ್ರಾಂಶದ ಫೈಲುಗಳನ್ನು ವಿನಿಮಯ ಮಾಡಿಕೊಳ್ಳುವವರು, ಲಿನಕ್ಸಿನಲ್ಲಿ ನಡೆಯದ ಪ್ಲಗಿನ್‌ಗಳಿಗೆ ಸಾವಿರಾರು ರೂಪಾಯಿ ಹಾಕಿದವರು ಆತುರಪಡಬಾರದು. ನಿಮ್ಮ ಸ್ಥಿತಿ ಹಾಗಲ್ಲ. ಒಂದು ದನಿ, ಒಂದು ಹಾರ್ಮೋನಿಯಂ, ತಂಬೂರಿ, ತಬಲಾ, ಇಷ್ಟಕ್ಕೆ ಅಲ್ಲಿ ಯಾವ ಕೊರತೆಯೂ ಇಲ್ಲ. ತಂಬೂರಿ, ತಬಲಾಕ್ಕೆ ಇಷ್ಟು ದಿನ ತಂತ್ರಾಂಶದೊಳಗಿನ ದನಿಯನ್ನೇ ಬಳಸುತ್ತಿದ್ದರೆ, ಮನೆಯಲ್ಲಿರುವ ಶ್ರುತಿ ಪೆಟ್ಟಿಗೆಯನ್ನು ವೈರಿನಿಂದ ಕೆಂಪು ಪೆಟ್ಟಿಗೆಗೆ ಜೋಡಿಸಿ ಧ್ವನಿಮುದ್ರಿಸಬಹುದು. ನಿಮ್ಮ ಕೆಂಪು ಪೆಟ್ಟಿಗೆ ಲಿನಕ್ಸಿನಲ್ಲಿ ಪ್ರತ್ಯೇಕ ಡ್ರೈವರ್ ಕೇಳದೆ ಕೆಲಸ ಮಾಡುತ್ತದೆ.

ಆದರೆ ಒಂದು ಕೆಲಸ ಮೊದಲು ಆಗಬೇಕು, ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಹಾಡುಗಳೆಲ್ಲ ಬೇರೆ ಕಡೆ ಸೇರುವ ತನಕ ಯಾರನ್ನೂ, ಎಷ್ಟೇ ಪ್ರೀತಿಯವರನ್ನೂ, ಲ್ಯಾಪ್‌ಟಾಪಿನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡಬೇಡಿ. ಲಿನಕ್ಸ್ ಹಾಕುವಾಗ ಡಿಸ್ಕನ್ನು ಪೂರ್ತಿ ಅಳಿಸುವ ಆಯ್ಕೆಯೊಂದು ಬರುತ್ತದೆ. ಉತ್ಸಾಹದಲ್ಲಿ ಅದನ್ನು ಒತ್ತಿ ವರ್ಷಗಳ ಕೆಲಸ ಕಳೆದುಕೊಂಡು ನನ್ನ ಬಳಿ ಬಂದವರನ್ನು ನೋಡಿದ್ದೇನೆ. ನಿಮ್ಮ ಈಗಿನ ತಂತ್ರಾಂಶದ ಪ್ರಾಜೆಕ್ಟ್ ಫೈಲುಗಳು ಆರ್ಡೊರ್‌ನಲ್ಲಿ ಬಹುಶಃ ತೆರೆಯುವುದಿಲ್ಲ. ಆದ್ದರಿಂದ ಪ್ರತಿ ಹಾಡನ್ನೂ ಒಂದೊಂದು ಟ್ರ್ಯಾಕಾಗಿ, ಎಲ್ಲ ಟ್ರ್ಯಾಕೂ ಹಾಡಿನ ಮೊದಲ ಕ್ಷಣದಿಂದಲೇ ಶುರುವಾಗುವಂತೆ, ‘ವೇವ್’ ಫೈಲುಗಳಾಗಿ ಹೊರತೆಗೆಯಬೇಕು. ವೇವ್ ಎಲ್ಲ ಕಡೆ ತೆರೆಯುತ್ತದೆ. ಐದು ನಿಮಿಷದ ಹಾಡಿಗೆ ಆರು ಮೊನೊ ಟ್ರ್ಯಾಕಿದ್ದರೆ ಸುಮಾರು 260 ಎಂಬಿ ಆಗುತ್ತದೆ. 140 ಹಾಡಿಗೆ 40 ಜಿಬಿಯೊಳಗೆ ಮುಗಿಯಿತು. ಎರಡು ಪ್ರತಿ ಮಾಡಿ, ಒಂದನ್ನು ಅಕ್ಕನ ಮನೆಯಲ್ಲಿಡಿ. ದಿನಕ್ಕೆ ಐದು ಹಾಡು ತೆಗೆದರೂ ತಿಂಗಳೊಳಗೆ ಮುಗಿಯುತ್ತದೆ. ಈ ಹೊತ್ತಿನಲ್ಲಿ ಹಳೆಯ ಹಾಡುಗಳನ್ನು ಮತ್ತೆ ಕೇಳುತ್ತೀರಿ. ಕೆಲವು ಕಡೆ ಕಣ್ಣು ತುಂಬಬಹುದು, ತುಂಬಲಿ. ಕೆಲಸ ನಿಲ್ಲಿಸಿ ಒಂದು ಲೋಟ ಚಹಾ ಕುಡಿದು ಬನ್ನಿ.

ಆಮೇಲೂ ಅವಸರ ಬೇಡ. ಈಗಿನ ವಿಂಡೋಸಿನಲ್ಲೇ ‘ಆಡಾಸಿಟಿ’ ಹಾಕಿಕೊಂಡು ಒಂದೆರಡು ಹಾಡು ಮುದ್ರಿಸಿ ನೋಡಿ. ಅದೂ ಸ್ವತಂತ್ರ ತಂತ್ರಾಂಶವೇ, 2000ನೇ ಇಸವಿಯಿಂದ ಜನರ ಕೈಯಲ್ಲಿದೆ, ಲಿನಕ್ಸಿನಲ್ಲೂ ಹೀಗೇ ಇರುತ್ತದೆ. ಕೈ ಪಳಗಿದ ಮೇಲೆ ಉಬುಂಟು ಸ್ಟುಡಿಯೊವನ್ನು 16 ಜಿಬಿ ಪೆನ್‌ಡ್ರೈವ್‌ಗೆ ಹಾಕಿಸಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ನಡೆಸಿ. ಈ ಸಲ ಮಕ್ಕಳು ಇಲ್ಲದ ಹೊತ್ತಿನಲ್ಲಿ. ಮೊದಲು ಡೈರೆಕ್ಟ್ ಮಾನಿಟರ್, ಆಮೇಲೆ ಬಫರ್, ಆಮೇಲೆ ಒಂದು ಸರಳೆ ವರಸೆ. ಹಾಡೇ ಬೇಡ. ಸರಿಹೋದರೆ ಇನ್ನೊಂದು ಎಸ್‌ಎಸ್‌ಡಿ ಹಾಕಿಸಿ ಲಿನಕ್ಸನ್ನು ಅದರಲ್ಲಿ ಕೂರಿಸಬಹುದು, ಹಳೆಯ ಡಿಸ್ಕ್ ಹಾಗೇ ಭದ್ರವಾಗಿರಲಿ. ಸರಿಹೋಗದಿದ್ದರೆ ಪೆನ್‌ಡ್ರೈವ್ ತೆಗೆದರೆ ಮುಗಿಯಿತು.

ಅಕ್ಕನ ಮಗನ ಉತ್ಸಾಹ ನಿಮಗೆ ಬೇಕು, ಆದರೆ ಅವನ ವೇಗ ಬೇಡ. ಅವನಿಗೆ ನೇರವಾಗಿ ಹೇಳಿ: ‘ನೀ ಬಾಜೂಕ ಕೂತು ಹೇಳಪಾ, ಮೌಸ್ ನನ್ನ ಕೈಯಾಗಿರಲಿ.’ ಅವನು ಹೇಳಿದ ಒಂದೊಂದು ಹೆಜ್ಜೆಯನ್ನೂ ನಿಮ್ಮ ಸ್ವರ ಬರೆಯುವ ನೋಟ್‌ಬುಕ್ಕಿನಲ್ಲೇ ಕನ್ನಡದಲ್ಲಿ ಬರೆದುಕೊಳ್ಳಿ. ಬೇರೆಯವರು ಮಾಡಿಕೊಟ್ಟದ್ದು ಕೆಟ್ಟಾಗ ನಾವು ಅಸಹಾಯಕರಾಗುತ್ತೇವೆ, ನಾವೇ ಮಾಡಿದ್ದು ಕೆಟ್ಟರೆ ಎಲ್ಲಿ ನೋಡಬೇಕು ಎಂದಾದರೂ ತಿಳಿದಿರುತ್ತದೆ. ಮಗನೊಂದಿಗೂ ಮಾತಾಡಿ. ಹೊಸ ಲ್ಯಾಪ್‌ಟಾಪ್ ಬೇಡ, ಮುಂದಿನ ಭಾನುವಾರ ಎರಡು ತಾಸು ಫೋನಿನಲ್ಲಿ ಜೊತೆಗಿದ್ದು ಹಾಡುಗಳನ್ನು ಹೊರತೆಗೆಯಲು ಸಹಾಯ ಮಾಡು ಎಂದು ಕೇಳಿ. ದೂರದಲ್ಲಿರುವ ಮಕ್ಕಳು ‘ಹೊಸದು ತೊಗೊ’ ಅನ್ನುವುದು ಎಷ್ಟೋ ಸಲ ಏನು ಮಾಡಬೇಕೆಂದು ತೋಚದಿದ್ದಾಗ. ಕೆಲಸ ಹೇಳಿದರೆ ಅವರಿಗೂ ಸಮಾಧಾನ.

ಯಜಮಾನರ ಮಾತು ನೋಯಿಸಿತು, ನಿಜ. ನೀವು ಕಷ್ಟಪಡುವುದು ಕಂಡು ಬಂದ ಮಾತೂ ಇರಬಹುದು. ಒಂದು ಸಂಜೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವ್ವನ ಪದವೊಂದನ್ನು ಕೇಳಿಸಿ. ‘ಇದು ಹೋದೀತು ಅಂತ ನನಗ ಹೆದರಿಕಿ’ ಎಂದಷ್ಟೇ ಹೇಳಿ. ಅಳಿಯನಾಗಿ ಅವರಿಗೂ ಆ ದನಿ ಗೊತ್ತು.

ತಾಂತ್ರಿಕವಾಗಿ ಸಿಕ್ಕಿಹಾಕಿಕೊಂಡರೆ ಒಬ್ಬರೇ ಹೆಣಗಬೇಡಿ. ಬೆಂಗಳೂರಿನ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಸ್ವಯಂಸೇವಕರ ಬಳಗ. ಇದಕ್ಕೆ ಸೇರಿದ ವಿದ್ಯಾರ್ಥಿ ಗುಂಪುಗಳು ಹಲವು ಎಂಜಿನಿಯರಿಂಗ್ ಕಾಲೇಜುಗಳಲ್ಲಿವೆ. ಹೀಗೆ ಕೇಳಿಬಂದವರನ್ನು ಅವರು ಹೊರೆ ಎಂದು ನೋಡುವುದಿಲ್ಲ. ನಿದ್ದೆಯ ವಿಷಯವನ್ನು ಮಾತ್ರ ಲ್ಯಾಪ್‌ಟಾಪ್ ಸರಿಹೋಗುವ ತನಕ ಮುಂದೂಡಬೇಡಿ. ಇನ್ನೆರಡು ವಾರವೂ ಹೀಗೇ ಇದ್ದರೆ, ಅಥವಾ ಅವ್ವನ ನೆನಪು ದಿನವಿಡೀ ಕುಗ್ಗಿಸುತ್ತಿದ್ದರೆ, ನಿಮ್ಮೂರಿನಲ್ಲೇ ಇರುವ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ವೈದ್ಯರೊಡನೆ ಮಾತಾಡಿ. ಮನೆಯಿಂದಲೇ ಮಾತಾಡುವುದಾದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416, ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ಪತ್ರ ಓದುತ್ತಿರುವ ಬೇರೆಯವರಿಗೂ ಇದೇ ಮಾತು.

ಈ ವಾರ ಬೇರೇನೂ ಮಾಡಬೇಡಿ. ಪೇಟೆಗೆ ಹೋಗಿ ಒಂದು ಹಾರ್ಡ್ ಡಿಸ್ಕ್ ತನ್ನಿ. 140ರಲ್ಲಿ ಮೊದಲು ಅವ್ವನ ಪದಗಳನ್ನು ತೆಗೆದಿಡಿ, ಪ್ರತಿಯೊಂದರ ಹೆಸರು, ಹಾಡಿದ ದಿನ, ಯಾವ ಊರಿನ ಪದ ಎಂದು ಜೊತೆಗೆ ಕನ್ನಡದಲ್ಲಿ ಬರೆದಿಡಿ. ಅಷ್ಟಾದ ಮೇಲೆ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.